ಕೊಲೆಗಾರನ ಕಸುಬು, ಓದುಗರ ತಕರಾರು

ಫ್ರೆಡರಿಕ್ ಫೋರ್ಸೈತ್ ಅವರ 'ದ ಡೇ ಆಫ್ ದ ಜಾಕಲ್' ಕಾದಂಬರಿ ಪ್ರಕಟವಾದದ್ದು 1971ರಲ್ಲಿ. ಅದರಲ್ಲಿ ಕೊಲೆಗಾರನ ಗುರಿಯಾಗಿರುವ ಫ್ರಾನ್ಸಿನ ಅಧ್ಯಕ್ಷ ಷಾರ್ಲ್ ದ ಗಾಲ್ ಅಷ್ಟರಲ್ಲಾಗಲೇ ಅಧಿಕಾರ ಬಿಟ್ಟು ಹಳ್ಳಿಮನೆ ಸೇರಿ, 1970ರ ನವೆಂಬರ್ 9ರಂದು ಸಹಜವಾಗಿಯೇ ತೀರಿಕೊಂಡಿದ್ದರು. ಹಾಗಾಗಿ ಕೊಲೆ ನಡೆಯುವುದಿಲ್ಲವೆಂಬುದು ಪುಸ್ತಕ ಕೈಗೆತ್ತಿಕೊಳ್ಳುವ ಪ್ರತಿಯೊಬ್ಬನಿಗೂ ಮೊದಲೇ ಗೊತ್ತು. ಹಸ್ತಪ್ರತಿಯನ್ನು ಹಿಂದಿರುಗಿಸಿದ ಪ್ರಕಾಶಕರಿಗೆ ಅಡ್ಡಿಯಾಗಿ ಕಂಡದ್ದೂ ಅದೇ. 2025ರ ಜೂನ್‌ನಲ್ಲಿ ಫೋರ್ಸೈತ್ ತೀರಿಕೊಂಡ ಸುದ್ದಿ ಬಂದ ಮೇಲೆ ದಾವಣಗೆರೆಯ ನಮ್ಮ ಚಿಕ್ಕ ಓದುಗರ ಬಳಗ ಈ ಪುಸ್ತಕವನ್ನು ಚರ್ಚೆಗೆ ಎತ್ತಿಕೊಂಡಿತು. ಅಲ್ಲಿ ಬಂದ ಅಭಿಪ್ರಾಯಗಳನ್ನೂ, ಅವನ್ನು ಕೇಳುತ್ತಾ ಕುಳಿತಾಗ ನನ್ನಲ್ಲಿ ಹುಟ್ಟಿದ ಒಂದು ಅನುಮಾನವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಕಥೆಯ ಕೊನೆಯನ್ನು ಮುಚ್ಚಿಡುವ ಗೋಜಿಗೆ ಹೋಗಿಲ್ಲ, ಏಕೆಂದರೆ ಲೇಖಕರೇ ಅದನ್ನು ಮುಚ್ಚಿಟ್ಟಿಲ್ಲ.

ಹಿನ್ನೆಲೆ ಇಷ್ಟು. ಒಂದು ಶತಮಾನಕ್ಕೂ ಮೀರಿ ಫ್ರಾನ್ಸಿನ ಹಿಡಿತದಲ್ಲಿದ್ದ ಅಲ್ಜೀರಿಯಾದಲ್ಲಿ 1954ರಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಅಲ್ಜೀರಿಯಾ ಕೈಬಿಟ್ಟು ಹೋಗದಂತೆ ನೋಡಿಕೊಳ್ಳುತ್ತಾರೆಂದು ನಂಬಿ ಸೇನೆಯ ಒಂದು ವರ್ಗ 1958ರಲ್ಲಿ ದ ಗಾಲ್ ಅವರು ಅಧಿಕಾರಕ್ಕೆ ಮರಳಲು ದಾರಿ ಮಾಡಿಕೊಟ್ಟಿತು. ಅದೇ ದ ಗಾಲ್ 1962ರಲ್ಲಿ ಆ ದೇಶದ ಸ್ವಾತಂತ್ರ್ಯಕ್ಕೆ ಒಪ್ಪಿದರು. ಇದನ್ನು ದ್ರೋಹವೆಂದು ಬಗೆದ ಸೈನ್ಯಾಧಿಕಾರಿಗಳು ಮತ್ತು ಅಲ್ಲಿ ನೆಲೆಸಿದ್ದ ಫ್ರೆಂಚರು ಓಎಎಸ್ ಎಂಬ ಗುಪ್ತ ಸಂಘಟನೆಯ ಸುತ್ತ ಸೇರಿದರು. 1962ರ ಆಗಸ್ಟ್ 22ರಂದು ಪ್ಯಾರಿಸ್ಸಿನ ಹೊರವಲಯದ ಪೆಟಿ-ಕ್ಲಾಮಾರ್‌ನಲ್ಲಿ ದ ಗಾಲ್ ಅವರ ಕಾರಿನ ಮೇಲೆ ನೂರಕ್ಕೂ ಹೆಚ್ಚು ಗುಂಡುಗಳು ಹಾರಿದವು. ಗಂಡ ಹೆಂಡತಿ ಇಬ್ಬರೂ ಕೂದಲು ಕೊಂಕದೆ ಪಾರಾದರು. ದಾಳಿಯ ಮುಂದಾಳಾಗಿದ್ದ ವಾಯುಪಡೆಯ ಲೆಫ್ಟಿನೆಂಟ್ ಕರ್ನಲ್ ಬಾಸ್ತಿಯಾಂ-ತಿರಿಗೆ 1963ರ ಮಾರ್ಚ್ 11ರಂದು ಗುಂಡಿಟ್ಟು ಮರಣದಂಡನೆ ಜಾರಿಗೊಳಿಸಲಾಯಿತು. ಕಾದಂಬರಿ ಆರಂಭವಾಗುವುದು ಆ ಮುಂಜಾವಿನಿಂದ. ಅಲ್ಲಿಯವರೆಗಿನದು ಇತಿಹಾಸ, ಅಲ್ಲಿಂದಾಚೆಯದು ಕಲ್ಪನೆ. ತಮ್ಮ ಸಂಘಟನೆಯ ತುಂಬ ಸರ್ಕಾರದ ಕಣ್ಣು ಕಿವಿಗಳಿವೆ ಎಂದರಿತ ಕರ್ನಲ್ ರೊದಾನ್ ಮತ್ತವನ ಸಂಗಾತಿಗಳು ಯಾರ ಕಡತದಲ್ಲೂ ಹೆಸರಿಲ್ಲದ ಇಂಗ್ಲಿಷ್ ಬಾಡಿಗೆ ಕೊಲೆಗಾರನೊಬ್ಬನನ್ನು ಐದು ಲಕ್ಷ ಡಾಲರಿಗೆ ಗೊತ್ತುಮಾಡುತ್ತಾರೆ. ಜಾಕಲ್ ಎಂಬುದು ಅವನ ಗುಪ್ತನಾಮ. ಅವನನ್ನು ಹಿಡಿಯುವ ಹೊಣೆ ಕ್ಲೋದ್ ಲೆಬೆಲ್ ಎಂಬ ಮಿತಭಾಷಿ ಪೊಲೀಸ್ ಅಧಿಕಾರಿಯ ಹೆಗಲೇರುತ್ತದೆ.

ಪಿ.ಜೆ. ಬಡಾವಣೆಯ ಮನೆಯೊಂದರ ಮುಂಗೋಣೆಯಲ್ಲಿ ತಿಂಗಳಿಗೊಂದು ಭಾನುವಾರ ಸೇರುವ ನಮ್ಮಲ್ಲಿ ಇಂಗ್ಲಿಷನ್ನು ಸರಾಗವಾಗಿ ಓದುವವರೂ ಇದ್ದಾರೆ, ಮಕ್ಕಳಿಂದ ಓದಿಸಿಕೊಂಡು ಬರುವವರೂ ಇದ್ದಾರೆ. ಚರ್ಚೆ ಮಾತ್ರ ಕನ್ನಡದಲ್ಲೇ ನಡೆಯುತ್ತದೆ. ಮೊದಲು ಮಾತೆತ್ತಿದವರು ಬ್ಯಾಂಕಿನಿಂದ ನಿವೃತ್ತರಾದವರು. ಪುಸ್ತಕವನ್ನು ಅರ್ಧಕ್ಕೇ ಕೆಳಗಿಟ್ಟುದಾಗಿ ಅವರು ನೇರವಾಗಿಯೇ ಹೇಳಿದರು. ಸಾಯುವುದಿಲ್ಲವೆಂದು ಗೊತ್ತಿರುವ ಮನುಷ್ಯನನ್ನು ಕೊಲ್ಲಲು ಇನ್ನೊಬ್ಬ ನಾನೂರು ಪುಟ ಓಡಾಡಿದರೆ ತಮಗೇನು ಕುತೂಹಲ ಎಂಬುದು ಅವರ ವಾದ. ಇದಕ್ಕೆ ಉತ್ತರ ಕೊಡಲು ನಾವ್ಯಾರೂ ಫ್ರಾನ್ಸಿಗೆ ಹೋಗಬೇಕಾಗಲಿಲ್ಲ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಬಯಲಾಟ ನೋಡಲು ಬೆಳಗಿನವರೆಗೆ ಕೂರುವವರಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆಂಬುದು ಗೊತ್ತಿಲ್ಲದವರು ಯಾರಿದ್ದಾರೆ? ಫೋರ್ಸೈತ್ ತಮ್ಮ ಕಾದಂಬರಿಯನ್ನು ಸಂಚು, ಬೇಟೆ, ಕೊಲೆ ಎಂದು ಮೂರು ಭಾಗ ಮಾಡಿ, ಒಂದೊಂದನ್ನೂ ಅಂಗಾಂಗ ಬಿಡಿಸಿ ತೋರಿಸುವುದಾಗಿ ಶೀರ್ಷಿಕೆಯಲ್ಲೇ ಸಾರುತ್ತಾರೆ. ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅವರೇ ತೆಗೆದುಹಾಕಿದ್ದರಿಂದ ಹೇಗೆ ಎಂಬ ಪ್ರಶ್ನೆ ಇಡೀ ಪುಸ್ತಕವನ್ನು ಆವರಿಸುತ್ತದೆ. ಬ್ಯಾಂಕಿನವರು ಒಪ್ಪಲಿಲ್ಲ. ಬಯಲಾಟದಲ್ಲಿ ಹಾಡಾದರೂ ಇರುತ್ತದೆ ಎಂದರು.

ಹೇಗೆ ಎಂಬ ಪ್ರಶ್ನೆಗೆ ಮೊದಲು ಮನಸೋತವರು ನಗರಾಡಳಿತದ ಜನನ ಮರಣ ನೋಂದಣಿ ವಿಭಾಗದಲ್ಲಿ ದಶಕಗಳ ಕಾಲ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರು. ಜಾಕಲ್ ಸುಳ್ಳು ಹೆಸರಿನಲ್ಲಿ ಅಸಲಿ ಪಾಸ್‌ಪೋರ್ಟ್ ಪಡೆಯುವ ಭಾಗವನ್ನು ಅವರು ಪೆನ್ಸಿಲ್ ಹಿಡಿದು ಓದಿದ್ದರು. ಇಂಗ್ಲೆಂಡಿನ ಹಳ್ಳಿಗಳ ಚರ್ಚುಗಳ ಸ್ಮಶಾನ ಸುತ್ತಿ, ತನ್ನ ವಯಸ್ಸಿನವನೇ ಆಗಿ ಎಳವೆಯಲ್ಲೇ ಸತ್ತುಹೋದ ಹುಡುಗನೊಬ್ಬನ ಗೋರಿಯನ್ನು ಹುಡುಕಿ, ಅವನ ಹೆಸರಿನಲ್ಲಿ ಜನನ ಪ್ರಮಾಣಪತ್ರ ತರಿಸಿಕೊಂಡು, ಅದರ ಬಲದ ಮೇಲೆ ಅಲೆಕ್ಸಾಂಡರ್ ಡಗ್ಗನ್ ಎಂಬ ಹೆಸರಿನಲ್ಲಿ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವ ಆ ಕ್ರಮದಲ್ಲಿ ಕಾಗದ ಒಂದೂ ನಕಲಿಯಲ್ಲ, ಮನುಷ್ಯನೊಬ್ಬನೇ ನಕಲಿ. ಜನನದ ವಹಿ ಒಂದು ಕಡೆ, ಮರಣದ ವಹಿ ಇನ್ನೊಂದು ಕಡೆ. ಎರಡನ್ನೂ ತಾಳೆ ನೋಡುವ ಕೆಲಸ ಯಾರ ಪಾಲಿಗೂ ಬಂದಿಲ್ಲ. ನಮ್ಮಲ್ಲಿ 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟನ್ನೂ ಸಾವನ್ನೂ 21 ದಿನಗಳೊಳಗೆ ಒಂದೇ ಕಚೇರಿಗೆ ತಿಳಿಸಬೇಕೆಂಬುದು ನಿಯಮವಾದರೂ, ಮರಣ ಬರೆದುಕೊಂಡ ಮೇಲೆ ಅದೇ ಮನುಷ್ಯನ ಜನನದ ಪುಟ ತೆರೆದು ಅಲ್ಲಿ ಗುರುತು ಹಾಕುವ ಪದ್ಧತಿಯನ್ನು ತಮ್ಮ ಸೇವೆಯಲ್ಲಿ ಕಂಡಿಲ್ಲವೆಂದು ಅವರು ವಿವರಿಸಿದರು. "ಸತ್ತೋರನ್ನ ಕಾಗದದ ಮೇಲೆ ಬದುಕಿಸೋದು ಕಷ್ಟ ಅಲ್ಲ ಸರ್, ಬದುಕಿರೋರು ಬದುಕಿದ್ದೀವಿ ಅಂತ ತೋರಿಸೋದೇ ಕಷ್ಟ" ಎಂದು ಅವರು ಸೇರಿಸಿದಾಗ, ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಲು ಸಾಲು ನಿಲ್ಲುವ ಪಿಂಚಣಿದಾರರೆಲ್ಲ ತಲೆಯಾಡಿಸಿದರು. ಕಾದಂಬರಿ ಬಂದ ಮೇಲೂ ಬ್ರಿಟನ್ನಿನಲ್ಲಿ ಈ ಸಂದು ದಶಕಗಳ ಕಾಲ ಮುಚ್ಚದೆಯೇ ಉಳಿದು, ಇಂಥ ವಂಚನೆಗೆ ಕಾದಂಬರಿಯ ಹೆಸರೇ ಅಂಟಿಕೊಂಡಿತು.

ಅದೇ ಹಿರಿಯರು ಎತ್ತಿ ತೋರಿಸಿದ ಇನ್ನೊಂದು ಸಂಗತಿ ನಮ್ಮಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಕಾದಂಬರಿಯ ಕೊನೆಯಲ್ಲಿ ಜಾಕಲ್ ಸತ್ತ ಮೇಲೆ ಅವನನ್ನು ಹೆಸರಿಲ್ಲದ ಗೋರಿಯಲ್ಲಿ ಹೂಳುತ್ತಾರೆ. ಮರಣ ಪ್ರಮಾಣಪತ್ರದಲ್ಲಿ ಅವನು ರಸ್ತೆ ಅಪಘಾತದಲ್ಲಿ ಸತ್ತ ಅನಾಮಿಕ ವಿದೇಶಿ ಪ್ರವಾಸಿ. ಅಂದರೆ ಜನನದ ವಹಿಯಲ್ಲಿ ಸುಳ್ಳು ಮಾಡಿದವನು ಕೊಲೆಗಾರ, ಮರಣದ ವಹಿಯಲ್ಲಿ ಸುಳ್ಳು ಬರೆಸಿದ್ದು ಸರ್ಕಾರ. ಮೊದಲನೆಯದನ್ನು ಅಪರಾಧವೆಂದು ಓದಿದ ನಾವು ಎರಡನೆಯದನ್ನು ಕಥೆಯ ಚಮತ್ಕಾರವೆಂದು ದಾಟಿಹೋಗಿದ್ದೆವು. ಮುಂದೆ ನಾನು ಹೇಳಹೊರಟಿರುವ ಮಾತಿನ ಮೂಲ ಇಲ್ಲಿದೆ.

ಬಂದೂಕಿನ ಅಧ್ಯಾಯಕ್ಕೆ ಸಿಕ್ಕ ಓದುಗರಂತೂ ಅದಕ್ಕಾಗಿಯೇ ಹುಟ್ಟಿದವರಂತಿದ್ದರು. ಹರಿಹರದಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಕಾಲದಲ್ಲಿ ಅಲ್ಲಿ ಟರ್ನರ್ ಆಗಿದ್ದು, ಈಗ ಮಗನ ವರ್ಕ್‌ಶಾಪಿನಲ್ಲಿ ಸುಮ್ಮನೆ ಕೂರಲಾರದೆ ಕೆಲಸ ತಿದ್ದುವ ಇವರಿಗೆ ಮಗಳು ಆ ಅಧ್ಯಾಯವನ್ನು ಕನ್ನಡದಲ್ಲಿ ಓದಿ ಹೇಳಿದ್ದಳಂತೆ. ಬ್ರಸೆಲ್ಸಿನ ಬಂದೂಕು ಕುಶಲಕರ್ಮಿಯ ಬಳಿಗೆ ಜಾಕಲ್ ಹೋಗಿ, ಊರುಗೋಲಿನ ಕೊಳವೆಗಳೊಳಗೆ ಬಿಡಿಬಿಡಿಯಾಗಿ ಅಡಗುವಂಥ, ಒಂದೊಂದೇ ಗುಂಡು ಹಾರಿಸುವ ಬಂದೂಕೊಂದನ್ನು ಮಾಡಿಸುವ ಪ್ರಸಂಗವದು. ಟರ್ನರ್ ಅವರು ಸಭೆಗೆ ಬರುವಾಗ ಮೊಣಕಾಲು ಶಸ್ತ್ರಚಿಕಿತ್ಸೆಯಾಗಿದ್ದ ನೆಂಟರೊಬ್ಬರ ಹಳೆಯ ಕಂಕುಳ ಊರುಗೋಲನ್ನೂ, ಕರ್ಚೀಫಿನಲ್ಲಿ ಸುತ್ತಿದ ವರ್ನಿಯರ್ ಕ್ಯಾಲಿಪರನ್ನೂ ತಂದಿದ್ದರು. ಊರುಗೋಲಿನ ತುದಿಯ ರಬ್ಬರ್ ಬೂಟು ಕಿತ್ತು, ಕ್ಯಾಲಿಪರಿನ ಒಳಮೂತಿಯನ್ನು ಕೊಳವೆಯೊಳಗೆ ಇಳಿಸಿ, ಕನ್ನಡಕವನ್ನು ಹಣೆಗೇರಿಸಿ ಅಳತೆ ಓದಿದರು. ಕೊಳವೆಯ ಬಾಯಿ ಪೂರಾ ದುಂಡಗಿಲ್ಲವೆಂಬ ಅಸಮಾಧಾನವನ್ನು ಮೊದಲು ಹೊರಹಾಕಿ, ಆಮೇಲೆ ಕಾದಂಬರಿಯ ವಿಷಯಕ್ಕೆ ಬಂದರು. ಅವರ ಪ್ರಕಾರ ಈ ಕೆಲಸದಲ್ಲಿ ಕಷ್ಟವಿರುವುದು ಬಚ್ಚಿಡುವುದರಲ್ಲಲ್ಲ, ಮರೆ (ತಿರುಪಿನ ಗೀರು) ಕೊರೆಯುವುದರಲ್ಲಿ. ಬಿಚ್ಚಿ ಜೋಡಿಸಿದಾಗಲೆಲ್ಲ ಭಾಗಗಳು ಅದೇ ಜಾಗಕ್ಕೆ ಬಂದು ಕೂರಬೇಕು, ಕೂದಲೆಳೆಯಷ್ಟು ಸಡಿಲವಿದ್ದರೂ ನಡೆಯುವಾಗ ಒಳಗೆ ಕಟಕಟ ಸದ್ದು ಬಂದು ಮೊದಲ ಪೊಲೀಸನಿಗೇ ಸಿಕ್ಕಿಬೀಳುತ್ತಾನೆ. ಕುಶಲಕರ್ಮಿ ಹೆಚ್ಚು ಸಮಯ ಕೇಳುವುದು, ಗಿರಾಕಿ ಕಡಿಮೆ ಮಾಡಲು ನೋಡುವುದು, ಇಬ್ಬರೂ ಮರ್ಯಾದೆಯಿಂದಲೇ ಚೌಕಾಶಿ ಮಾಡುವುದು, ಇವೆಲ್ಲ ತಮ್ಮ ವರ್ಕ್‌ಶಾಪಿನಲ್ಲಿ ದಿನವೂ ನಡೆಯುವ ಮಾತೇ ಎಂದ ಅವರು, ಬರೆದವನು ಯಾವನೋ ಒಳ್ಳೆಯ ಕೆಲಸಗಾರನ ಎದುರು ಕೂತು ಕೇಳಿ ಬರೆದಿದ್ದಾನೆ ಎಂದು ತೀರ್ಪು ಕೊಟ್ಟರು. ಆಮೇಲೆ, ಅರ್ಡೆನ್ಸ್ ಕಾಡಿನಲ್ಲಿ ಕರಬೂಜ ಹಣ್ಣನ್ನು ನೇತುಹಾಕಿ ಜಾಕಲ್ ಗುರಿ ಸರಿಪಡಿಸಿಕೊಳ್ಳುವ ಪುಟಗಳನ್ನು ಇನ್ನೊಮ್ಮೆ ಓದಿಸಬೇಕೆಂದು ಕೇಳಿದರು.

ಟರ್ನರ್ ಅವರ ಊಹೆ ತೀರ ದೂರದ್ದೇನೂ ಅಲ್ಲ. ಫೋರ್ಸೈತ್ ಪತ್ರಕರ್ತರಾಗಿದ್ದವರು, 1960ರ ದಶಕದ ಆರಂಭದಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ಪರವಾಗಿ ಪ್ಯಾರಿಸ್ಸಿನಲ್ಲಿದ್ದು, ದ ಗಾಲ್ ಹೋದಲ್ಲೆಲ್ಲ ಹಿಂದೆ ಹೋಗಿ, ಕೊಲೆಯತ್ನಗಳ ವರದಿ ಮಾಡಿದ್ದರು. ಬಳಿಕ ನೈಜೀರಿಯಾದ ಬಿಯಾಫ್ರಾ ಯುದ್ಧದ ವರದಿ ಮಾಡಿ, ಕೆಲಸವೂ ಹಣವೂ ಇಲ್ಲದೆ ಲಂಡನ್ನಿಗೆ ಮರಳಿದಾಗ, 1970ರ ಆರಂಭದಲ್ಲಿ 35 ದಿನಗಳಲ್ಲಿ ಈ ಕಾದಂಬರಿ ಬರೆದು ಮುಗಿಸಿದರು. ಪಾತ್ರಗಳ ಮನಸ್ಸಿನೊಳಗೆ ಇಳಿಯುವ ಗೋಜಿಲ್ಲದ, ವರದಿಯ ಗದ್ಯ ಅವರದು. ಆಗಿನ ಫ್ರಾನ್ಸಿನ ನಿಜವಾದ ಗೃಹಮಂತ್ರಿಯೂ ಕಲ್ಪಿತ ಅಧಿಕಾರಿಗಳೂ ಒಂದೇ ಮೇಜಿನ ಸುತ್ತ ಕುಳಿತು ಮಾತನಾಡುವಾಗ ಯಾವುದು ನಡೆದದ್ದು, ಯಾವುದು ಹೆಣೆದದ್ದು ಎಂಬ ಗೆರೆ ಓದುಗನ ಕಣ್ಣಿಗೆ ಬೀಳದಂತೆ ಮಾಸಿಹೋಗುತ್ತದೆ.

ಇನ್ನು ನನ್ನ ಅನುಮಾನ. ನಮ್ಮಲ್ಲಿ ಒಬ್ಬೊಬ್ಬರೂ ತಮ್ಮ ಕಸುಬಿಗೆ ಸಂಬಂಧಿಸಿದ ಪುಟಗಳನ್ನೇ ಉಜ್ಜಿ ನೋಡಿದರು, ಚಿನ್ನವೆಂದು ಒಪ್ಪಿದರು, ಉಳಿದ ಪುಟಗಳನ್ನು ಒರೆಗೆ ಹಚ್ಚದೆಯೇ ನಂಬಿದರು. ಗುಮಾಸ್ತರಿಗೆ ವಹಿ ಸರಿಯಾಗಿ ಕಂಡದ್ದರಿಂದ ಬಂದೂಕೂ ಸರಿಯಿರಬೇಕು ಅನ್ನಿಸಿತು. ಟರ್ನರ್ ಅವರಿಗೆ ಬಂದೂಕು ಸರಿಯೆನಿಸಿದ್ದರಿಂದ ಪೊಲೀಸರೂ ಸರಿಯಿರಬೇಕು ಅನ್ನಿಸಿತು. ಹೀಗೆ ವಿಶ್ವಾಸ ಕೈಯಿಂದ ಕೈಗೆ ದಾಟುತ್ತಾ ಹೋಗಿ, ಕೊನೆಗೆ ಕಾದಂಬರಿಯ ರಾಜಕೀಯವೂ ಅದೇ ಸಾಲದಲ್ಲಿ ನಮ್ಮೊಳಗೆ ಇಳಿಯಿತು. ಪಾಸ್‌ಪೋರ್ಟ್ ಹೇಗೆ ಪಡೆದ ಎಂಬಲ್ಲಿ ಲೇಖಕ ಗಳಿಸಿದ ನಂಬಿಕೆಯನ್ನು, ಸರ್ಕಾರ ತನ್ನನ್ನು ಕಾಪಾಡಿಕೊಳ್ಳಲು ಏನೆಲ್ಲ ಮಾಡಬಹುದು ಎಂಬಲ್ಲಿ ಸದ್ದಿಲ್ಲದೆ ಖರ್ಚು ಮಾಡುತ್ತಾನೆ.

ಇದಕ್ಕೆ ಒಳ್ಳೆಯ ಉದಾಹರಣೆ ಕೊವಾಲ್ಸ್ಕಿಯ ಪ್ರಸಂಗ. ಅವನು ರೊದಾನನ ಅಂಗರಕ್ಷಕ, ದೈತ್ಯ ದೇಹದ ಮಾಜಿ ಸೈನಿಕ. ಅವನ ಪುಟ್ಟ ಮಗಳಿಗೆ ಜೀವಕ್ಕೇ ಅಪಾಯವಿರುವ ಕಾಯಿಲೆಯೆಂಬ ಪತ್ರವೊಂದು ಅವನ ಕೈಸೇರುವಂತೆ ಮಾಡಿ, ಮಗಳನ್ನು ನೋಡಲು ಓಡಿಬಂದವನನ್ನು ಫ್ರೆಂಚ್ ಗೂಢಚಾರ ದಳ ಬಲೆಗೆ ಕೆಡವುತ್ತದೆ. ವಿದ್ಯುತ್ ಕೊಟ್ಟು ಹಿಂಸಿಸಿ ಬಾಯಿಬಿಡಿಸುತ್ತಾರೆ, ಅವನು ಸಾಯುತ್ತಾನೆ, ಅವನ ಅಸ್ಪಷ್ಟ ತೊದಲಿನಿಂದ ಆರಿಸಿ ತೆಗೆದ ಎರಡು ಮೂರು ಪದಗಳಿಂದ ಬೇಟೆ ಶುರುವಾಗುತ್ತದೆ. ಬಳಗದ ವಕೀಲರು ಈ ಅಧ್ಯಾಯವನ್ನು ಕಾನೂನಿನ ಕಣ್ಣಿನಿಂದ ಓದಿದ್ದರು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂಬ ನಿಯಮ ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿತ್ತು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ಹೊಡೆದು ಬಡಿದು ಹೇಳಿಸಿದ್ದು ಸತ್ಯವಾಗಿರಲಾರದು ಎಂಬ ಅನುಭವದಿಂದ ಹುಟ್ಟಿದ ನಿಯಮವದು. ಕಾದಂಬರಿಯಲ್ಲಿ ಮಾತ್ರ ಹಿಂಸೆಯಿಂದ ಸತ್ಯವೇ ಹೊರಬರುತ್ತದೆ, ಅದೂ ಬೇಕಾದಷ್ಟೇ, ಬೇಕಾದ ಹೊತ್ತಿಗೇ. ಆ ಅಧ್ಯಾಯದ ಮೂಲಕ ಲೇಖಕರು ಹಿಂಸೆಯನ್ನು ಸಮರ್ಥಿಸುವುದಿಲ್ಲ, ಕೊವಾಲ್ಸ್ಕಿಯ ಬಗ್ಗೆ ಓದುಗನಲ್ಲಿ ಮರುಕವೂ ಹುಟ್ಟುತ್ತದೆ, ಆದರೆ ಕಥೆ ಮುಂದೆ ಸಾಗಬೇಕಾದರೆ ಆ ಹಿಂಸೆ ಫಲ ಕೊಡಲೇಬೇಕು ಎಂಬಂತೆ ಕಟ್ಟಡವನ್ನೇ ಕಟ್ಟಿದ್ದಾರೆ ಎಂಬುದು ವಕೀಲರ ಆಕ್ಷೇಪ. ನನಗೆ ಇದು ಈ ಕಾದಂಬರಿಯ ಬಗ್ಗೆ ನಾನು ಕೇಳಿದ ಅತ್ಯಂತ ಗಟ್ಟಿಯಾದ ಟೀಕೆ ಅನ್ನಿಸಿತು.

ಲೆಬೆಲ್‌ನ ವಿಷಯಕ್ಕೆ ಬಂದಾಗ ಸಭೆಯ ಧಾಟಿಯೇ ಬದಲಾಯಿತು, ಏಕೆಂದರೆ ಅವನನ್ನು ಮೆಚ್ಚದವರು ಯಾರೂ ಇರಲಿಲ್ಲ. ಮಂತ್ರಿಗಳೂ ದಳಪತಿಗಳೂ ಕೂಡಿದ ರಾತ್ರಿ ಸಭೆಗಳಲ್ಲಿ ಅವನನ್ನು ಹಗುರಾಗಿ ಕಾಣುತ್ತಾರೆ, ಅವನು ತಲೆತಗ್ಗಿಸಿ ವರದಿ ಒಪ್ಪಿಸುತ್ತಾನೆ. ಪೊಲೀಸರ ಹೆಜ್ಜೆಗಳೆಲ್ಲ ಜಾಕಲ್‌ಗೆ ಮುಂಚೆಯೇ ತಿಳಿಯುತ್ತಿರುವುದನ್ನು ಕಂಡು, ಗುಟ್ಟು ಆ ಸಭೆಯಿಂದಲೇ ಸೋರುತ್ತಿದೆ ಎಂದು ಊಹಿಸಿ, ಒಂದು ರಾತ್ರಿ ದೂರವಾಣಿ ಸಂಭಾಷಣೆಯೊಂದರ ಧ್ವನಿಮುದ್ರಿಕೆಯನ್ನು ಎಲ್ಲರೆದುರು ಕೇಳಿಸುತ್ತಾನೆ. ಯಾರ ದೂರವಾಣಿಯನ್ನು ಕದ್ದಾಲಿಸಬೇಕೆಂದು ನಿನಗೆ ಹೇಗೆ ತಿಳಿಯಿತು ಎಂದು ಕೇಳಿದರೆ, ತಿಳಿದಿರಲಿಲ್ಲ, ಅದಕ್ಕೇ ಎಲ್ಲರದನ್ನೂ ಕದ್ದಾಲಿಸಿದೆ ಎನ್ನುತ್ತಾನೆ. ಈ ಪ್ರಸಂಗವನ್ನು ಒಬ್ಬರು ಓದಿ ಹೇಳಿದಾಗ ಮುಂಗೋಣೆಯಲ್ಲಿ ನಗೆಯೆದ್ದಿತು, ನಾನೂ ನಕ್ಕೆ.

ವಕೀಲರು ನಗಲಿಲ್ಲ. ಅವರು ನೆನಪಿಸಿದ್ದು 1988ನ್ನು. ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ಆ ವರ್ಷದ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಾಗ, ಹೆಗಡೆಯವರ ಪರವಾಗಿಯೂ ವಿರುದ್ಧವಾಗಿಯೂ ಇದೇ ಊರಿನ ಹೋಟೆಲುಗಳಲ್ಲಿ ಕಾಫಿ ಆರುವವರೆಗೆ ವಾದ ಮಾಡಿದವರು ನಮ್ಮ ಬಳಗದಲ್ಲೇ ಇದ್ದಾರೆ. ದೂರವಾಣಿ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಮಟ್ಟದ ಆದೇಶ ಬೇಕು, ಆ ಆದೇಶವನ್ನು ಪರಿಶೀಲಿಸುವ ಸಮಿತಿಯೂ ಇರಬೇಕು ಎಂದು ಸುಪ್ರೀಂ ಕೋರ್ಟ್ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಪ್ರಕರಣದಲ್ಲಿ ವಿಧಿಸಿದ್ದು 1996ರ ಡಿಸೆಂಬರ್‌ನಲ್ಲಿ. ಅಂಥ ಯಾವ ಆದೇಶವನ್ನೂ ತೋರಿಸದೆ ಸಚಿವರ ಮನೆಯ ದೂರವಾಣಿಗೆ ಕಿವಿಗೊಟ್ಟ ಲೆಬೆಲ್‌ಗೆ ನಾವೆಲ್ಲ ಭೇಷ್ ಎಂದೆವು. ಅವನ ಅನುಮಾನ ಸರಿಯಾಗಿತ್ತಲ್ಲ ಎಂದು ಗುಮಾಸ್ತರು ಸಮಜಾಯಿಷಿ ಕೊಡಲು ನೋಡಿದರು. ಕಾದಂಬರಿಯಲ್ಲಿ ಪತ್ತೇದಾರನ ಅನುಮಾನ ಸರಿಯಾಗಿಯೇ ಇರುತ್ತದೆ, ಅದನ್ನು ಸರಿಯಾಗಿಸುವುದೇ ಕಾದಂಬರಿಕಾರನ ಕೆಲಸ, ನಿಜವಾದ ಊರುಗಳಲ್ಲಿ ಕದ್ದಾಲಿಸಿದ ದೂರವಾಣಿಗಳಲ್ಲಿ ಬಹುಪಾಲು ಏನೂ ತಪ್ಪು ಮಾಡದವರದಾಗಿರುತ್ತವೆ ಎಂದರು ವಕೀಲರು. ಇದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಲೆಬೆಲ್‌ನ ಮೇಲಿನ ಪ್ರೀತಿಯನ್ನು ಬಿಟ್ಟುಕೊಡಲೂ ಯಾರೂ ತಯಾರಿರಲಿಲ್ಲ. ನನ್ನ ಪರಿಸ್ಥಿತಿಯೂ ಅದೇ.

ಕೆಎಎಸ್ ಪರೀಕ್ಷೆಗೆ ಓದುತ್ತಿರುವ ತರುಣಿಯೊಬ್ಬಳು ಅಲ್ಲಿಯವರೆಗೆ ಹಿರಿಯರ ಮಾತು ಕೇಳುತ್ತಾ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ಅವಳ ಮೊದಲ ದೂರು ಹೆಂಗಸರ ಪಾತ್ರಗಳದು. ಅಲ್ಜೀರಿಯಾದ ಯುದ್ಧದಲ್ಲಿ ತನ್ನವರನ್ನು ಕಳೆದುಕೊಂಡ ಜಾಕಲೀನ್ ಓಎಎಸ್ ಪರವಾಗಿ ಒಬ್ಬ ಅಧಿಕಾರಿಯ ಹಾಸಿಗೆಯನ್ನು ಸೇರಿ ಗುಟ್ಟು ತೆಗೆಯುತ್ತಾಳೆ. ಹಳ್ಳಿಗಾಡಿನ ಮಹಲಿನ ಶ್ರೀಮಂತ ಮಹಿಳೆ ಜಾಕಲ್‌ಗೆ ಆಸರೆಯಾಗಿ, ಅವನ ನಿಜ ತಿಳಿದ ಗಳಿಗೆಯಲ್ಲೇ ಅವನ ಕೈಯಿಂದ ಸಾಯುತ್ತಾಳೆ. ಕೊವಾಲ್ಸ್ಕಿಯ ಮಗಳು ಬರಿಯ ಗಾಳದ ಹುಳು. ಗಂಡಸರಿಗೆಲ್ಲ ಕಸುಬಿದೆ, ಹೆಂಗಸರಿಗೆ ಮೈ ಮಾತ್ರ ಇದೆ ಎಂದಳು. ಇದಕ್ಕೆ ಎದುರು ಮಾತಿಲ್ಲ. ಜಾಕಲೀನ್ ಒಬ್ಬಳಿಗಾದರೂ ದುಃಖವೆಂಬುದೊಂದಿದೆ ಎಂದು ನಾನು ಹೇಳಿದ್ದು ನನಗೇ ತೆಳುವಾಗಿ ಕೇಳಿಸಿತು.

ಅವಳ ಎರಡನೆಯ ದೂರು ಇನ್ನೂ ಆಳದ್ದು. ಈ ಕಥೆಯ ಬೇರು ಅಲ್ಜೀರಿಯಾದಲ್ಲಿದೆ. ಎಂಟು ವರ್ಷ ನಡೆದ ಆ ಯುದ್ಧದಲ್ಲಿ ಲಕ್ಷಾಂತರ ಅಲ್ಜೀರಿಯನ್ನರು ಸತ್ತರು. ದ ಗಾಲ್ ಯಾಕೆ ಗುರಿಯಾದರು ಎಂದರೆ ಆ ಜನರ ನೆಲವನ್ನು ಆ ಜನರಿಗೆ ಬಿಟ್ಟದ್ದಕ್ಕೆ. ಹಾಗಿದ್ದೂ ಕಾದಂಬರಿ ಓದಿ ಮುಗಿಸಿದ ಮೇಲೆ ಒಬ್ಬನೇ ಒಬ್ಬ ಅಲ್ಜೀರಿಯನ್ನನ ಮುಖ ನೆನಪಿನಲ್ಲಿ ಉಳಿಯುವುದಿಲ್ಲ. ಸೇನೆಯ ಸಿಟ್ಟು ಗೊತ್ತಾಗುತ್ತದೆ, ವಲಸಿಗರ ನೋವು ಗೊತ್ತಾಗುತ್ತದೆ, ಪ್ಯಾರಿಸ್ಸಿನ ಪೊಲೀಸರ ನಿದ್ದೆಗೆಟ್ಟ ಕಣ್ಣುಗಳು ಸಹ ಕಾಣುತ್ತವೆ. ಯಾರ ದೇಶಕ್ಕಾಗಿ ಇದೆಲ್ಲ ನಡೆಯಿತೋ ಅವರು ಮಾತ್ರ ಕಾಣುವುದಿಲ್ಲ. "ಮೈಸೂರು ಸಂಸ್ಥಾನ ಚಳವಳಿ ಬಗ್ಗೆ ಕಾದಂಬರಿ ಬರೆದು, ಅದ್ರಲ್ಲಿ ಬರೀ ರೆಸಿಡೆಂಟ್ ಸಾಹೇಬ್ರು, ದಿವಾನರು ಮಾತಾಡಿದ್ರೆ ನೀವು ಒಪ್ತಿದ್ರಾ ಸರ್?" ಎಂದು ಅವಳು ನನ್ನನ್ನೇ ಕೇಳಿದಳು. ಒಪ್ಪುತ್ತಿರಲಿಲ್ಲ.

ಆದರೂ ಈ ವಿಚಾರದಲ್ಲಿ ಲೇಖಕರ ಪರವಾಗಿ ಒಂದು ಮಾತು ಹೇಳಬೇಕು, ಅದು ಕಥೆಯ ಕೊನೆಯ ಗಳಿಗೆಗೆ ಸಂಬಂಧಿಸಿದ್ದು. 1963ರ ಆಗಸ್ಟ್ 25, ಪ್ಯಾರಿಸ್ ವಿಮೋಚನೆಯ ದಿನ. ಮೊಂಪರ್ನಾಸ್ ರೈಲು ನಿಲ್ದಾಣದ ಮುಂದಿನ ಚೌಕದಲ್ಲಿ ದ ಗಾಲ್ ಹಳೆಯ ಯೋಧರಿಗೆ ಪದಕ ತೊಡಿಸುತ್ತಿದ್ದಾರೆ; ಕಾಲು ಕಳೆದುಕೊಂಡ ಮುದಿ ಯೋಧನ ವೇಷದಲ್ಲಿ ಊರುಗೋಲೂರಿ ಪಹರೆ ದಾಟಿದ ಜಾಕಲ್ ಎದುರಿನ ಕಟ್ಟಡದ ಕಿಟಕಿಯಿಂದ ಗುಂಡು ಹಾರಿಸುತ್ತಾನೆ. ಅದೇ ಕ್ಷಣಕ್ಕೆ ದ ಗಾಲ್, ಫ್ರೆಂಚರ ವಾಡಿಕೆಯಂತೆ ಪದಕ ಪಡೆದವನ ಕೆನ್ನೆಗೆ ಮುತ್ತಿಡಲು ಬಾಗುತ್ತಾರೆ. ಗುಂಡು ತಲೆಯ ಹಿಂದಿನಿಂದ ಹಾದುಹೋಗುತ್ತದೆ. ಎರಡನೆಯ ಗುಂಡು ತುಂಬುವ ಹೊತ್ತಿಗೆ ಲೆಬೆಲ್ ಬಾಗಿಲಲ್ಲಿದ್ದಾನೆ. ಬ್ಯಾಂಕಿನವರು, ಹಿಂದಿನ ಪುಟ ಬಿಟ್ಟು ಕೊನೆಯದನ್ನು ಓದಿದ್ದರೆಂದು ಕಾಣುತ್ತದೆ, ಇದನ್ನು ಅದೃಷ್ಟದ ಮೇಲೆ ಭಾರ ಹಾಕಿದ ಸೋಮಾರಿತನ ಎಂದರು. ನನ್ನ ಓದು ಬೇರೆ. ಜನನ ವಹಿ, ಬಣ್ಣ ಹಚ್ಚುವುದು, ಬಂದೂಕು, ಗಡಿಯ ತಪಾಸಣೆ, ಇವೆಲ್ಲದರ ಒಳಹೊರಗು ಬಲ್ಲ ಆ ಇಂಗ್ಲಿಷ್ ಮನುಷ್ಯನಿಗೆ ತಿಳಿಯದೇ ಉಳಿದದ್ದು ಆ ನಾಡಿನ ಜನ ಒಬ್ಬರನ್ನೊಬ್ಬರು ಗೌರವಿಸುವ ಒಂದು ಸಾಮಾನ್ಯ ರೀತಿ. ಕಸುಬಿನ ಮೇಲೆ ಅಷ್ಟೊಂದು ಭರವಸೆಯಿಟ್ಟು ಬರೆದ ಲೇಖಕ, ಕಸುಬು ಸೋಲುವುದು ಎಲ್ಲಿ ಎಂಬುದನ್ನು ತನ್ನ ಕೊಲೆಗಾರನ ಮಟ್ಟಿಗಂತೂ ಸರಿಯಾಗಿ ಕಂಡಿದ್ದಾನೆ. ತರುಣಿ ಇದನ್ನು ಕೇಳಿ, ಹಾಗಾದರೆ ಲೇಖಕರಿಗೂ ಅದೇ ಮಾತು ಅನ್ವಯಿಸುತ್ತದೆ, ಎಲ್ಲ ವಿವರ ಕಲೆಹಾಕಿದವರಿಗೆ ಅಲ್ಜೀರಿಯಾದ ಜನ ಮಾತ್ರ ಕಾಣಲಿಲ್ಲ ಎಂದು ನನ್ನ ವಾದವನ್ನು ನನಗೇ ತಿರುಗಿಸಿದಳು.

ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರುವ ನಿವೃತ್ತ ಮೇಷ್ಟರೊಬ್ಬರು ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. ಅವರಿಗೆ ಪತ್ತೇದಾರಿ ಕಾದಂಬರಿಗಳ ಚಟ ಶಾಲಾದಿನಗಳಲ್ಲೇ ತೀರಿಹೋಗಿದೆಯಂತೆ. ಅವರ ಮನಸ್ಸಿರುವುದು ತ.ರಾ.ಸು. ಅವರ ದುರ್ಗದ ಕಾದಂಬರಿಗಳಲ್ಲಿ. ರಾಜಕೀಯ ಕೊಲೆಯ ಕಥೆ ಬೇಕಾದರೆ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಇರುವಾಗ ಪ್ಯಾರಿಸ್ಸಿಗೆ ಯಾಕೆ ಹೋಗಬೇಕು ಎಂಬುದು ಅವರ ಪ್ರಶ್ನೆ. ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ ದುರ್ಗದ ಗದ್ದುಗೆಯನ್ನು ದಳವಾಯಿಗಳು ಆಟಿಕೆ ಮಾಡಿಕೊಂಡು, ತಮಗೆ ಬೇಕಾದವನನ್ನು ಕೂರಿಸಿ ಬೇಡವಾದವನನ್ನು ಇಳಿಸಿದ ಕಾಲವದು. 1689ರಲ್ಲಿ ಭರಮಣ್ಣ ನಾಯಕ ಪಟ್ಟಕ್ಕೆ ಬರುವವರೆಗೆ ಆ ರಕ್ತಪಾತ ನಿಲ್ಲಲಿಲ್ಲ. ದಳವಾಯಿ ಮುದ್ದಣ್ಣನ ಸಂಚು ಆ ಕಾದಂಬರಿಗಳ ಜೀವನಾಡಿ.

ಮೇಷ್ಟರ ಮಾತು ಹೊಗಳಿಕೆಗೆ ನಿಲ್ಲಲಿಲ್ಲ. ದುರ್ಗದಲ್ಲಿ ಆ ಕಾದಂಬರಿಗಳನ್ನು ಓದಿದವರು ಮುದ್ದಣ್ಣನ ಕತ್ತಿ ಎಷ್ಟು ಉದ್ದವಿತ್ತು, ಬಾಗಿಲ ಚಿಲಕ ಹೇಗೆ ತೆಗೆದ ಎಂದು ಕೇಳಿದ್ದನ್ನು ತಾವು ಕಂಡಿಲ್ಲ; ಮುದ್ದಣ್ಣ ಮಾಡಿದ್ದು ಸರಿಯೇ, ನಾಯಕರ ತಪ್ಪೆಷ್ಟು, ಯಾರ ಮನೆತನಕ್ಕೆ ಅನ್ಯಾಯವಾಯಿತು ಎಂದು ನಿನ್ನೆ ನಡೆದದ್ದೆಂಬಂತೆ ಜಗಳವಾಡಿದವರನ್ನು ಮಾತ್ರ ಕಂಡಿದ್ದೇನೆ ಎಂದರು. ಕೋಟೆ ಕಣ್ಣೆದುರಿಗೇ ಇರುವುದರಿಂದ, ಲೇಖಕ ಎಲ್ಲಿ ಯಾರ ಕಡೆ ವಾಲಿದ ಎಂಬುದನ್ನು ಅಲ್ಲಿಯ ಓದುಗ ಮೊದಲ ಪುಟದಿಂದಲೇ ಅಳೆಯುತ್ತಾನೆ. ಪ್ಯಾರಿಸ್ಸಿನಲ್ಲಿ ನಮಗೆ ನಂಟರೂ ಇಲ್ಲ, ಹಗೆಗಳೂ ಇಲ್ಲ. ಅದಕ್ಕೇ ಕೊಳವೆಯ ಅಳತೆ ನೋಡುತ್ತಾ ಕುಳಿತೆವು. ಅಲ್ಜಿಯರ್ಸಿನ ಓದುಗರ ಬಳಗವೊಂದು ಇದೇ ಕಾದಂಬರಿ ಹಿಡಿದು ಕುಳಿತಿದ್ದರೆ ಊರುಗೋಲನ್ನು ಯಾರೂ ತರುತ್ತಿರಲಿಲ್ಲ ಎಂದಳು ತರುಣಿ.

ಮುಂದಿನ ತಿಂಗಳಿಗೆ 'ರಕ್ತರಾತ್ರಿ'ಯನ್ನೇ ಇಟ್ಟುಕೊಳ್ಳುವುದೆಂದು ನಿಶ್ಚಯವಾಗಿದೆ. ಮೇಷ್ಟರು ಮುದ್ದಣ್ಣನ ವಿರುದ್ಧವೂ, ವಕೀಲರು ಅವನ ವಕಾಲತ್ತು ವಹಿಸಿಯೂ ಮಾತನಾಡುವುದೆಂದು ಆಗಲೇ ಪಾಲು ಹಂಚಿಕೊಂಡಿದ್ದಾರೆ. ಕ್ಯಾಲಿಪರನ್ನು ಕರ್ಚೀಫಿಗೆ ಸುತ್ತುತ್ತಿದ್ದ ಟರ್ನರ್ ಅವರು ಮಾತ್ರ, ದುರ್ಗದ ಬತ್ತೇರಿಗಳ ಮೇಲಿದ್ದ ಫಿರಂಗಿಗಳ ಬಗ್ಗೆ ತ.ರಾ.ಸು. ಏನಾದರೂ ವಿವರವಾಗಿ ಬರೆದಿದ್ದಾರೆಯೇ ಎಂದು ಮೇಷ್ಟರನ್ನು ವಿಚಾರಿಸಿಕೊಂಡು ಹೋದರು.